ಕೊಡಗಿನ ದಂಡನಾಯಕ ಜನರಲ್ ಕೆ.ಎಸ್. ತಿಮ್ಮಯ್ಯನವರು



ನಮ್ಮ ಸಂಘದ ಬೆಳ್ಳಿಹಬ್ಬದ ಈ ಸ್ಮರಣ ಸಂಚಿಕೆಯಲ್ಲಿ ಸಾಲ, ಠೇವಣಿ, ಗೊಬ್ಬರ, ಲಾಭಾಂಶದ ಲೆಕ್ಕಗಳ ಮಧ್ಯೆ ಒಬ್ಬ ಸೇನಾಪತಿಯ ಕಥೆ ಯಾಕಪ್ಪಾ ಅಂತ ಕೆಲವರಿಗೆ ಅನ್ನಿಸಬಹುದು. ನಾವು ಓದಿದ್ದು ಎಸ್.ಎಸ್.ಎಲ್.ಸಿ.ವರೆಗೆ, ಮಾಡೋದು ಬೇಸಾಯ. ಯುದ್ಧಶಾಸ್ತ್ರ ನಮಗೆ ಗೊತ್ತಿಲ್ಲ. ಆದರೆ ಒಂದು ಹುದ್ದೆಗೆ ಕೂತವರು ಹೇಗೆ ನಡೆದುಕೊಳ್ಳಬೇಕು ಅನ್ನುವ ಪ್ರಶ್ನೆ ಸೈನ್ಯಕ್ಕೂ ಒಂದೇ, ಹಳ್ಳಿಯ ಸಂಘಕ್ಕೂ ಒಂದೇ. ಆ ಪ್ರಶ್ನೆಗೆ ತನ್ನ ಬಾಳಿನಿಂದಲೇ ಉತ್ತರ ಕೊಟ್ಟವರು ನಮ್ಮ ಕನ್ನಡ ನಾಡಿನವರೇ ಆದ ಜನರಲ್ ತಿಮ್ಮಯ್ಯನವರು. ಅವರ ಹೆಸರು ರಸ್ತೆಗೆ, ಕ್ರೀಡಾಂಗಣಕ್ಕೆ ಇಟ್ಟಿರುವುದನ್ನು ನಾವೆಲ್ಲ ನೋಡಿದ್ದೇವೆ. ಅವರು ಏನು ಮಾಡಿದರು ಅಂತ ಕೇಳಿದರೆ ಮಾತ್ರ ನಮ್ಮ ಮಕ್ಕಳು ತಲೆ ಕೆರೆದುಕೊಳ್ಳುತ್ತಾರೆ. ಆದ್ದರಿಂದ ನಮಗೆ ತಿಳಿದ ಮಟ್ಟಿಗೆ ಅವರ ಚರಿತ್ರೆಯನ್ನು ಇಲ್ಲಿ ಬರೆದಿದ್ದೇವೆ.

ಬಂದೂಕಿಗೆ ಪೂಜೆ ಮಾಡುವ ನಾಡು

ಕೊಡಗಿನ ಜನ ಬೇಸಾಯಗಾರರೂ ಹೌದು, ಯೋಧರೂ ಹೌದು. ಗದ್ದೆ ನಾಟಿ ಮುಗಿದ ಮೇಲೆ ಬರುವ ಕೈಲ್ ಮುಹೂರ್ತ ಹಬ್ಬದಲ್ಲಿ ಅವರು ಮನೆಯ ಬಂದೂಕು, ಕತ್ತಿಗಳನ್ನು ಇಟ್ಟು ಪೂಜೆ ಮಾಡ್ತಾರೆ. ನಾವು ಆಯುಧಪೂಜೆಯಲ್ಲಿ ನೇಗಿಲು, ಎತ್ತಿನ ಗಾಡಿ, ಟ್ರ್ಯಾಕ್ಟರ್ ಪೂಜೆ ಮಾಡಿದ ಹಾಗೆ. ಇಂತಹ ನಾಡಿನ ಮಡಿಕೇರಿಯಲ್ಲಿ 1906ನೇ ಇಸವಿ ಮಾರ್ಚ್ ತಿಂಗಳ ಕೊನೆಯಲ್ಲಿ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯನವರು ಹುಟ್ಟಿದರು. ತಂದೆ ಸುಬ್ಬಯ್ಯನವರು ಕಾಫಿ ಬೆಳೆಗಾರರು. ತಾಯಿ ಸೀತಮ್ಮನವರು ವಿದ್ಯಾವಂತೆ. ಸಮಾಜಸೇವೆಗಾಗಿ ಆಗಿನ ಸರ್ಕಾರದ ಕೈಸರ್-ಇ-ಹಿಂದ್ ಪದಕ ಪಡೆದ ಹೆಣ್ಣುಮಗಳು.

ಈ ಮನೆಯ ಮೂವರು ಗಂಡುಮಕ್ಕಳೂ ಸೈನ್ಯದಲ್ಲಿ ಅಧಿಕಾರಿಗಳಾದರು. ಅಣ್ಣ ಪೊನ್ನಪ್ಪನವರು, ನಡುವೆ ತಿಮ್ಮಯ್ಯನವರು, ತಮ್ಮ ಸೋಮಯ್ಯನವರು. ಒಂದೇ ಒಲೆಯ ಅನ್ನ ಉಂಡ ಈ ಮೂವರಿಗೂ ಮುಂದೆ ಸಿಕ್ಕಿದ್ದು ಬೇರೆ ಬೇರೆ ದಾರಿ. ಅದನ್ನು ಅದರ ಜಾಗದಲ್ಲಿ ಹೇಳುತ್ತೇವೆ.

ತಿಮ್ಮಯ್ಯನವರು ಚಿಕ್ಕಂದಿನಲ್ಲಿ ಕೂನೂರಿನಲ್ಲಿ, ಆಮೇಲೆ ಬೆಂಗಳೂರಿನ ಬಿಷಪ್ ಕಾಟನ್ ಶಾಲೆಯಲ್ಲಿ ಓದಿದರು. 1922ರಲ್ಲಿ ಡೆಹ್ರಾಡೂನಿನಲ್ಲಿ ಭಾರತೀಯ ಹುಡುಗರಿಗೆಂದೇ ಮಿಲಿಟರಿ ಕಾಲೇಜು ಶುರುವಾಯಿತು. ಅಲ್ಲಿಗೆ ಸೇರಿ, ಅಲ್ಲಿಂದ ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್ ಸೈನಿಕ ಕಾಲೇಜಿಗೆ ಆಯ್ಕೆಯಾದರು. ಆಗ ಬಿಳಿಯರೇ ತುಂಬಿದ್ದ ಆ ಕಾಲೇಜಿಗೆ ವರ್ಷಕ್ಕೆ ಬೆರಳೆಣಿಕೆಯಷ್ಟು ಭಾರತೀಯರನ್ನು ಮಾತ್ರ ತೆಗೆದುಕೊಳ್ಳುತ್ತಿದ್ದರು. 1926ರ ಫೆಬ್ರವರಿಯಲ್ಲಿ ಅವರು ಅಧಿಕಾರಿಯಾಗಿ ಹೊರಬಂದರು. ಮುಂದೆ 19ನೇ ಹೈದರಾಬಾದ್ ರೆಜಿಮೆಂಟಿನ 4ನೇ ಬೆಟಾಲಿಯನ್ ಸೇರಿದರು. ಇದೇ ರೆಜಿಮೆಂಟಿಗೆ ಆಮೇಲೆ ಕುಮಾವೂ ರೆಜಿಮೆಂಟ್ ಅಂತ ಹೆಸರಾಯಿತು. ಇರಾಕ್ ದೇಶದಲ್ಲಿ, ವಾಯವ್ಯ ಗಡಿಯ ಬೆಟ್ಟಗಳಲ್ಲಿ ಕೆಲಸ ಮಾಡಿದರು.

ಆ ಕಾಲ ಗಾಂಧೀಜಿಯವರ ಚಳವಳಿಯ ಕಾಲ. ಬ್ರಿಟಿಷರ ಸಮವಸ್ತ್ರ ಹಾಕಿಕೊಂಡ ಭಾರತೀಯ ಅಧಿಕಾರಿಗಳಿಗೆ ಒಳಗೊಳಗೇ ಸಂಕಟ. ತಮ್ಮ ಜನ ಜೈಲಿಗೆ ಹೋಗುತ್ತಿರುವಾಗ ನಾವು ಈ ಕೆಲಸದಲ್ಲಿ ಇರಬೇಕೇ, ಬಿಡಬೇಕೇ ಅನ್ನುವ ಪ್ರಶ್ನೆ ಯುವಕ ತಿಮ್ಮಯ್ಯನವರಿಗೂ ಬಂತು. ಅಲಹಾಬಾದಿನಲ್ಲಿದ್ದಾಗ ಮೋತಿಲಾಲ್ ನೆಹರೂ ಅವರ ಬಳಿ ಈ ಮಾತು ಎತ್ತಿದರಂತೆ. ರಾಜೀನಾಮೆ ಕೊಡುವುದು ಬೇಡ, ಸ್ವಾತಂತ್ರ್ಯ ಬಂದ ದಿನ ದೇಶಕ್ಕೆ ಕಲಿತ ಅಧಿಕಾರಿಗಳು ಬೇಕಾಗುತ್ತಾರೆ ಎಂಬ ಅರ್ಥದ ಬುದ್ಧಿಮಾತು ಆ ಹಿರಿಯರಿಂದ ಬಂತೆಂದು ಅವರ ಚರಿತ್ರೆ ಬರೆದವರು ಹೇಳುತ್ತಾರೆ. ತಿಮ್ಮಯ್ಯನವರು ಕೆಲಸದಲ್ಲೇ ಉಳಿದರು. ವಾಚಕರು ಈ ಸಂಗತಿಯನ್ನು ನೆನಪಿನಲ್ಲಿ ಇಟ್ಟುಕೊಳ್ಳಬೇಕು. ರಾಜೀನಾಮೆಯ ಮಾತು ಇವರ ಬಾಳಿನಲ್ಲಿ ಇನ್ನೊಂದು ಸಾರಿ ಬರುತ್ತದೆ. ಆಗ ಎದುರಿಗೆ ಇದ್ದವರು ಇದೇ ಮೋತಿಲಾಲರ ಮಗ.

1935ರ ಜನವರಿಯಲ್ಲಿ ಕೊಡಗಿನವರೇ ಆದ ನೀನಾ ಅವರನ್ನು ಮದುವೆಯಾದರು. ಹೊಸ ಸಂಸಾರ ಕ್ವೆಟ್ಟಾದಲ್ಲಿ. ಅದೇ ವರ್ಷ ಮೇ 31ರ ನಸುಕಿನಲ್ಲಿ ಅಲ್ಲಿ ಮಹಾ ಭೂಕಂಪ ಆಯಿತು. ಮಲಗಿದ್ದ ಊರು ಮಲಗಿದ ಹಾಗೇ ಮಣ್ಣಾಯಿತು. ಸತ್ತವರು ಮೂವತ್ತು ಸಾವಿರಕ್ಕೂ ಹೆಚ್ಚು. ಗಂಡ ಹೆಂಡತಿ ಇಬ್ಬರೂ ಗಾಯಾಳುಗಳ ಸೇವೆಗೆ ನಿಂತರು. ನೀನಾ ಅವರಿಗೆ ಅತ್ತೆಗೆ ಸಿಕ್ಕಿದ್ದ ಅದೇ ಕೈಸರ್-ಇ-ಹಿಂದ್ ಪದಕ ಸಿಕ್ಕಿತು. ಅತ್ತೆ ಸೊಸೆ ಇಬ್ಬರಿಗೂ ಒಂದೇ ಪದಕ ಬಂದ ಮನೆಗಳು ದೇಶದಲ್ಲಿ ಎಷ್ಟಿರಬಹುದು?

ಅಣ್ಣ ಒಂದು ಕಡೆ, ತಮ್ಮ ಒಂದು ಕಡೆ

ಎರಡನೆಯ ಮಹಾಯುದ್ಧದ ಹೊತ್ತಿಗೆ ತಿಮ್ಮಯ್ಯನವರ ಬೆಟಾಲಿಯನ್ ಸಿಂಗಪುರದಲ್ಲಿತ್ತು. 1941ರಲ್ಲಿ ಅವರಿಗೆ ಭಾರತಕ್ಕೆ ವರ್ಗವಾಯಿತು. 1942ರ ಫೆಬ್ರವರಿಯಲ್ಲಿ ಸಿಂಗಪುರ ಜಪಾನಿನ ಕೈ ಸೇರಿತು. ಅವರ ಹಳೆಯ ಬೆಟಾಲಿಯನ್ನಿನವರೆಲ್ಲ ಸೆರೆಯಾದರು. ಇತ್ತ ಅಣ್ಣ ಪೊನ್ನಪ್ಪನವರು ನೇತಾಜಿ ಸುಭಾಷ್‌ಚಂದ್ರ ಬೋಸರ ಆಜಾದ್ ಹಿಂದ್ ಫೌಜ್ ಸೇರಿದರು. ತಮ್ಮ ಬ್ರಿಟಿಷ್ ಭಾರತದ ಸೈನ್ಯದಲ್ಲಿ, ಅಣ್ಣ ಅದರ ಎದುರು ನಿಂತ ಸೈನ್ಯದಲ್ಲಿ. ಇಬ್ಬರೂ ದೇಶಕ್ಕಾಗಿಯೇ ಅಂತ ನಂಬಿದವರು. ನಮ್ಮ ಹಳ್ಳಿಗಳಲ್ಲಿ ಗೇಣುದ್ದ ಬದುವಿಗೆ ಅಣ್ಣ ತಮ್ಮ ಕೋರ್ಟು ಹತ್ತುತ್ತಾರೆ. ಅಂತಹದರಲ್ಲಿ ಆ ತಾಯಿಯ ಹೊಟ್ಟೆ ಎಷ್ಟು ಉರಿದಿರಬೇಕು ಅಂತ ಯೋಚಿಸಿ ನೋಡಿ.

1944ರಲ್ಲಿ ತಿಮ್ಮಯ್ಯನವರು 19ನೇ ಹೈದರಾಬಾದ್ ರೆಜಿಮೆಂಟಿನ 8ನೇ ಬೆಟಾಲಿಯನ್ನಿನ ಮುಖ್ಯಸ್ಥರಾಗಿ ಬರ್ಮಾದ ಅರಾಕಾನ್ ಕರಾವಳಿಯಲ್ಲಿ ಜಪಾನೀಯರ ವಿರುದ್ಧ ಹೋರಾಡಿದರು. 1945ರ ಜನವರಿ ಫೆಬ್ರವರಿಯಲ್ಲಿ ಅಲ್ಲಿಯ ಕಂಗಾವ್ ಎಂಬಲ್ಲಿ ಭೀಕರ ಕಾಳಗ ಆಯಿತು. ಅಲ್ಲಿ ಹೋರಾಡಿದ 51ನೇ ಬ್ರಿಗೇಡಿನ ಮೂರು ಬೆಟಾಲಿಯನ್‌ಗಳಿಗೂ ಭಾರತೀಯರೇ ಮುಖ್ಯಸ್ಥರು. ತಿಮ್ಮಯ್ಯ, ಥೋರಾಟ್, ಸೇನ್. ಭಾರತೀಯರಿಗೆ ಸೈನಿಕರನ್ನು ನಡೆಸುವ ಯೋಗ್ಯತೆ ಇಲ್ಲ ಅನ್ನುತ್ತಿದ್ದವರ ಬಾಯಿ ಅಲ್ಲಿ ಮುಚ್ಚಿತು. ಮೂವರಿಗೂ ಡಿ.ಎಸ್.ಓ. ಎಂಬ ದೊಡ್ಡ ಶೌರ್ಯ ಪದಕ ಬಂತು. ಅದೇ ವರ್ಷ ತಿಮ್ಮಯ್ಯನವರು 36ನೇ ಬ್ರಿಗೇಡಿನ ಮುಖ್ಯಸ್ಥರಾದರು. ಆ ಮಹಾಯುದ್ಧದ ರಣರಂಗದಲ್ಲಿ ಒಂದು ಬ್ರಿಗೇಡನ್ನು ನಡೆಸಿದ ಭಾರತೀಯ ಇವರೊಬ್ಬರೇ. ಸಿಂಗಪುರದಲ್ಲಿ ಜಪಾನೀಯರು ಶರಣಾದಾಗ ಆ ಸಮಾರಂಭದಲ್ಲಿ ಭಾರತದ ಪರವಾಗಿ ಹಾಜರಿದ್ದರು. ಆಮೇಲೆ ಜಪಾನಿನಲ್ಲಿ ಬೀಡುಬಿಟ್ಟ ಭಾರತೀಯ ಬ್ರಿಗೇಡಿಗೂ ಮುಖ್ಯಸ್ಥರಾಗಿದ್ದರು.

ಮುಂದಿನ ಟ್ಯಾಂಕಿನಲ್ಲಿ

ಸ್ವಾತಂತ್ರ್ಯ ಬಂತು, ಜೊತೆಗೆ ದೇಶ ಇಬ್ಭಾಗವೂ ಆಯಿತು. 1947ರ ಸೆಪ್ಟೆಂಬರಿನಲ್ಲಿ ತಿಮ್ಮಯ್ಯನವರು ಮೇಜರ್ ಜನರಲ್ ಆಗಿ ಪೂರ್ವ ಪಂಜಾಬಿನಲ್ಲಿ 4ನೇ ಡಿವಿಷನ್ನಿನ ಹೊಣೆ ಹೊತ್ತರು. ಮನೆ ಮಠ, ಹೊಲ ಗದ್ದೆ, ದನ ಕರು ಬಿಟ್ಟು ಆ ಕಡೆಯಿಂದ ಈ ಕಡೆಗೆ, ಈ ಕಡೆಯಿಂದ ಆ ಕಡೆಗೆ ಲಕ್ಷ ಲಕ್ಷ ಜನ ಹೊರಟಿದ್ದ ಕಾಲ ಅದು. ಯಾವ ಮತದವರೇ ಆಗಲಿ, ಆ ಜನರ ಸಾಲುಗಳನ್ನು ಕಾಯುವುದು ಸೈನ್ಯದ ಕೆಲಸ. ಯುದ್ಧ ಮಾಡುವುದಕ್ಕಿಂತ ಇದು ಕಷ್ಟದ ಕೆಲಸ ಅಂತ ನಮಗೆ ಅನ್ನಿಸುತ್ತದೆ.

1948ರಲ್ಲಿ ಕಾಶ್ಮೀರದ ಹೊಣೆ ಬಂತು. ಅಲ್ಲಿ 19ನೇ ಡಿವಿಷನ್ನಿನ ಮುಖ್ಯಸ್ಥರಾದರು. ಆಗ ಲಡಾಖಿನ ಲೇಹ್ ಪಟ್ಟಣ ಶತ್ರುವಿನ ಕೈಗೆ ಬೀಳುವ ಸ್ಥಿತಿಯಲ್ಲಿತ್ತು. ಅಲ್ಲಿದ್ದದ್ದು ಹಿಮದಲ್ಲಿ ನಡೆದು ಹೋಗಿ ಸೇರಿದ್ದ ಮೇಜರ್ ಪೃಥ್ವಿಚಂದರ ಚಿಕ್ಕ ತಂಡ ಮಾತ್ರ. ಸೋನಂ ನೋರ್ಬು ಎಂಬ ಅಲ್ಲಿಯ ಇಂಜಿನಿಯರು ಊರಿನ ಜನರನ್ನು ಸೇರಿಸಿ ಸಿಂಧೂ ನದಿಯ ಬಳಿ ವಿಮಾನ ಇಳಿಯುವಷ್ಟು ಜಾಗ ಹದ ಮಾಡಿದ್ದರು. ಹತ್ತು ಸಾವಿರ ಅಡಿಗೂ ಮೇಲೆ ಇರುವ ಆ ಜಾಗಕ್ಕೆ ಅದುವರೆಗೆ ಯಾರೂ ವಿಮಾನ ಇಳಿಸಿರಲಿಲ್ಲ. ನಕ್ಷೆ ಸರಿಯಿಲ್ಲ, ಹಿಮಪರ್ವತದ ಮೇಲೆ ದಾರಿ ತೋರಿಸುವ ಸಾಧನ ಇಲ್ಲ. 1948ರ ಮೇ 24ರಂದು ಏರ್ ಕಮೋಡೋರ್ ಮೆಹರ್ ಸಿಂಗರು ಮೊದಲ ಡಕೋಟಾ ವಿಮಾನವನ್ನು ಅಲ್ಲಿ ಇಳಿಸಿದರು. ಅವರ ಪಕ್ಕದಲ್ಲಿ ಇದ್ದವರು ಯಾರು? ಡಿವಿಷನ್ನಿನ ಮುಖ್ಯಸ್ಥರು ಸ್ವತಃ ತಿಮ್ಮಯ್ಯನವರು. ಮೊದಲು ಬೇರೆಯವರು ಹೋಗಿ ಬರಲಿ, ಆಮೇಲೆ ನೋಡೋಣ ಅಂತ ಶ್ರೀನಗರದಲ್ಲಿ ಕೂರಲಿಲ್ಲ.

ಆದರೆ ವಿಮಾನದಿಂದಲೇ ಲೇಹ್ ಉಳಿಸಲು ಆಗುವುದಿಲ್ಲ. ಶ್ರೀನಗರದಿಂದ ಲೇಹ್‌ಗೆ ಹೋಗುವ ದಾರಿಯಲ್ಲಿ ಜೋಜಿಲಾ ಎಂಬ ಕಣಿವೆ ಇದೆ. ಎತ್ತರ ಹನ್ನೊಂದೂವರೆ ಸಾವಿರ ಅಡಿ. ನಮ್ಮ ರಾಜ್ಯದಲ್ಲೆಲ್ಲ ಎತ್ತರವಾದ ಮುಳ್ಳಯ್ಯನಗಿರಿಗಿಂತ ಹತ್ತಿರ ಹತ್ತಿರ ಎರಡು ಪಟ್ಟು. ಎರಡೂ ಕಡೆಯ ಬಂಡೆಗಳ ಸಂದಿಗಳಲ್ಲಿ ಶತ್ರುಗಳು ತುಪಾಕಿ ಇಟ್ಟುಕೊಂಡು ಕೂತಿದ್ದರು. ಸೆಪ್ಟೆಂಬರಿನಲ್ಲಿ ನಮ್ಮ ಸೈನ್ಯ ನುಗ್ಗಲು ನೋಡಿ ಆಗದೆ, ಪ್ರಾಣಹಾನಿಯಾಗಿ ಹಿಂದೆ ಬಂತು. ಇನ್ನು ತಿಂಗಳೊಪ್ಪತ್ತಿನಲ್ಲಿ ಹಿಮ ಬಿದ್ದು ದಾರಿ ಮುಚ್ಚಿದರೆ ಲೇಹ್ ಗತಿ ಮುಗಿದ ಹಾಗೇ.

ಆಗ ತಿಮ್ಮಯ್ಯನವರು ಮಾಡಿದ ತೀರ್ಮಾನ ಟ್ಯಾಂಕುಗಳನ್ನು ಕಣಿವೆಯ ಮೇಲಕ್ಕೆ ಹತ್ತಿಸುವುದು. ಅಷ್ಟು ಎತ್ತರದಲ್ಲಿ ಜಗತ್ತಿನ ಯಾವ ಸೈನ್ಯವೂ ಅದುವರೆಗೆ ಟ್ಯಾಂಕಿನಿಂದ ಕಾಳಗ ಮಾಡಿರಲಿಲ್ಲ. ಅಲ್ಲಿದ್ದದ್ದು ಹೇಸರಗತ್ತೆ ಹೋಗುವಂತಹ ಕಾಲುದಾರಿ. ಅದನ್ನು ಅಗಲ ಮಾಡುವ ಕೆಲಸಕ್ಕೆ ಇಳಿದವರು ಮದ್ರಾಸ್ ಸ್ಯಾಪರ್ಸ್ ಎಂಬ ಇಂಜಿನಿಯರ್ ಪಡೆಯವರು. ಬೆಂಗಳೂರನ್ನೇ ನೆಲೆ ಮಾಡಿಕೊಂಡ ಪಡೆ ಇದು. ಶತ್ರುವಿನ ಗುಂಡಿಗೆ ಎದುರಾಗಿ, ಚಳಿಯಲ್ಲಿ ಬಂಡೆ ಒಡೆದು, ಕೆಲವೇ ವಾರಗಳಲ್ಲಿ ಟ್ಯಾಂಕು ಹತ್ತುವ ದಾರಿ ಮಾಡಿದರು. ಇತ್ತ 7ನೇ ಕ್ಯಾವಲ್ರಿಯ ಹಗುರ ಟ್ಯಾಂಕುಗಳನ್ನು ಜಮ್ಮು ಕಡೆಯಿಂದ ಗುಟ್ಟಾಗಿ ತಂದರು. ನೋಡಿದವರಿಗೆ ಟ್ಯಾಂಕು ಅಂತ ಗೊತ್ತಾಗಬಾರದು ಅಂತ ಮೇಲಿನ ತಿರುಗುವ ಭಾಗ ಬಿಚ್ಚಿ, ಹೊದಿಕೆ ಹೊದಿಸಿ, ರಾತ್ರಿ ಹೊತ್ತು ಸಾಗಿಸಿದರು.

1948ರ ನವೆಂಬರ್ 1ರಂದು ಹಿಮ ಬೀಳುತ್ತಿದ್ದ ದಿನಗಳಲ್ಲೇ ಟ್ಯಾಂಕುಗಳು ಜೋಜಿಲಾ ಹತ್ತಿದವು. ಎಲ್ಲಕ್ಕಿಂತ ಮುಂದಿನ ಟ್ಯಾಂಕಿನಲ್ಲಿ ತಿಮ್ಮಯ್ಯನವರೇ ಇದ್ದರು. ಮೇಜರ್ ಜನರಲ್ ದರ್ಜೆಯವರು ಹಾಗೆ ಮುಂದೆ ಹೋಗಬೇಕೆಂಬ ನಿಯಮ ಯಾವುದೂ ಇಲ್ಲ. ಆದರೆ ಯಾರೂ ಮಾಡದ ಕೆಲಸಕ್ಕೆ ಹುಡುಗರನ್ನು ಕಳಿಸುವಾಗ ತಾನೂ ಜೊತೆಯಲ್ಲಿ ಇರಬೇಕು ಅನ್ನುವುದು ಅವರ ಪದ್ಧತಿ. ಆ ಎತ್ತರದಲ್ಲಿ ಟ್ಯಾಂಕು ಬರುತ್ತದೆಂದು ಶತ್ರುಗಳು ಕನಸಿನಲ್ಲೂ ನೆನೆಸಿರಲಿಲ್ಲ. ಕಣಿವೆ ನಮ್ಮದಾಯಿತು. ಅದೇ ತಿಂಗಳು ದ್ರಾಸ್, ಕಾರ್ಗಿಲ್ ಕೈಗೆ ಬಂದು, ಲೇಹ್‌ಗೆ ದಾರಿ ತೆರೆಯಿತು. 1949ರ ಜನವರಿ 1ರಿಂದ ಕದನವಿರಾಮ ಆಯಿತು. 1999ರ ಕಾರ್ಗಿಲ್ ಯುದ್ಧವನ್ನು ಟಿವಿಯಲ್ಲಿ ನೋಡಿದ ನಮಗೆಲ್ಲ ಈ ಊರುಗಳ ಹೆಸರು ಗೊತ್ತು. ಅದಕ್ಕೆ ಐವತ್ತು ವರ್ಷ ಮುಂಚೆ ಅವುಗಳನ್ನು ಉಳಿಸಿಕೊಟ್ಟವರಲ್ಲಿ ಒಬ್ಬ ಕೊಡಗಿನವರಿದ್ದರು ಅನ್ನುವುದು ಎಷ್ಟು ಜನಕ್ಕೆ ಗೊತ್ತು?

ಈ ಗೆಲುವಿಗೆ ಮನೆ ಕೊಟ್ಟ ಬೆಲೆಯೂ ಇದೆ. ತಮ್ಮ ಸೋಮಯ್ಯನವರು ಇದೇ 1947-48ರ ಕಾಶ್ಮೀರ ಯುದ್ಧದ ಕಾಲದಲ್ಲಿ ನೆಲಬಾಂಬು ಸಿಡಿದು ತೀರಿಕೊಂಡರು.

ಗೆಲುವೂ ಸೋಲೂ ಇಲ್ಲದ ಕೆಲಸ

ಯುದ್ಧ ಮುಗಿದ ಮೇಲೆ ಸೈನಿಕ ಅಕಾಡೆಮಿಯ ಮುಖ್ಯಸ್ಥರಾದರು. ಆಮೇಲೆ ದೆಹಲಿಯಲ್ಲಿ ಕ್ವಾರ್ಟರ್ ಮಾಸ್ಟರ್ ಜನರಲ್ ಆದರು. ಅಂದರೆ ಇಡೀ ಸೈನ್ಯದ ದಾಸ್ತಾನು, ಸಾಗಾಣಿಕೆ, ವಸತಿ ನೋಡಿಕೊಳ್ಳುವ ಹುದ್ದೆ.

1953ರಲ್ಲಿ ಕೊರಿಯಾ ಯುದ್ಧ ನಿಂತಾಗ ಒಂದು ತೊಡಕು ಉಳಿಯಿತು. ಸೆರೆ ಸಿಕ್ಕ ಇಪ್ಪತ್ತೆರಡು ಸಾವಿರಕ್ಕೂ ಹೆಚ್ಚು ಚೀನೀ ಮತ್ತು ಉತ್ತರ ಕೊರಿಯಾ ಸೈನಿಕರು ತಮ್ಮ ದೇಶಕ್ಕೆ ವಾಪಸ್ ಹೋಗಲ್ಲ ಅಂತ ಕೂತರು. ಒಂದು ಕಡೆ ಬಲವಂತವಾಗಿ ಕಳಿಸಿ ಅನ್ನುವವರು, ಇನ್ನೊಂದು ಕಡೆ ಕಳಿಸಕೂಡದು ಅನ್ನುವವರು. ಇದನ್ನು ನೋಡಿಕೊಳ್ಳಲು ಐದು ತಟಸ್ಥ ದೇಶಗಳ ಆಯೋಗ ಮಾಡಿ, ಭಾರತವನ್ನು ಅಧ್ಯಕ್ಷ ಸ್ಥಾನದಲ್ಲಿ ಕೂರಿಸಿದರು. ಆ ಕುರ್ಚಿಯಲ್ಲಿ ಕೂತವರು ತಿಮ್ಮಯ್ಯನವರು. ಸೆರೆಯಾಳುಗಳನ್ನು ಕಾಯುವ ಭಾರತೀಯ ಪಡೆಯ ಮುಖ್ಯಸ್ಥರು ಬರ್ಮಾದ ಹಳೆಯ ಜೊತೆಗಾರ ಥೋರಾಟರು.

ದಕ್ಷಿಣ ಕೊರಿಯಾದ ಅಧ್ಯಕ್ಷರು ನಮ್ಮ ಸೈನಿಕರು ತಮ್ಮ ನೆಲ ತುಳಿಯಕೂಡದು ಅಂತ ಹಠ ಹಿಡಿದರು. ಹಡಗಿನಲ್ಲಿ ಬಂದವರನ್ನು ಹೆಲಿಕಾಪ್ಟರಿನಲ್ಲಿ ಎತ್ತಿಕೊಂಡು ಹೋಗಿ ಗಡಿಯಲ್ಲಿ ಇಳಿಸಬೇಕಾಯಿತು. ಎರಡೂ ಕಡೆಯವರ ಬೈಗುಳ ತಿಂದು, ಒಂದು ಕಡೆಗೂ ವಾಲದೆ, 1954ರ ಜನವರಿ ಫೆಬ್ರವರಿ ಹೊತ್ತಿಗೆ ಆ ಕೆಲಸ ಮುಗಿಸಿದರು. ಆ ವರ್ಷವೇ ಸರ್ಕಾರ ಪದ್ಮಭೂಷಣ ಕೊಟ್ಟು ಗೌರವಿಸಿತು. ಈ ಸೆರೆಯಾಳುಗಳ ವಿಷಯದಲ್ಲಿ ರಾಜಿ ಸೂತ್ರವನ್ನು ವಿಶ್ವಸಂಸ್ಥೆಯಲ್ಲಿ ಮುಂದಿಟ್ಟವರು ಭಾರತದ ವಿ.ಕೆ. ಕೃಷ್ಣ ಮೆನನ್ನರು. ಒಬ್ಬರು ಹಾಕಿದ ದಾರಿಯಲ್ಲಿ ಇನ್ನೊಬ್ಬರು ನಡೆದು ದೇಶಕ್ಕೆ ಹೆಸರು ತಂದರು. ಮೂರು ವರ್ಷ ಕಳೆಯುವುದರಲ್ಲಿ ಈ ಇಬ್ಬರೇ ಎದುರುಬದುರಾದದ್ದು ವಿಧಿಯಾಟ.

ರಾಜೀನಾಮೆ

1957ರ ಮೇ 8ರಂದು ತಿಮ್ಮಯ್ಯನವರು ಭೂಸೇನೆಯ ಮಹಾದಂಡನಾಯಕರಾದರು. ಅದಕ್ಕೆ ಎಂಟು ವರ್ಷ ಮುಂಚೆ ಕೊಡಗಿನವರೇ ಆದ ಕಾರ್ಯಪ್ಪನವರು ಮೊದಲ ಭಾರತೀಯ ಮಹಾದಂಡನಾಯಕರಾಗಿದ್ದರು. ಅಂಗೈ ಅಗಲದ ಒಂದು ಜಿಲ್ಲೆಯಿಂದ ಇಬ್ಬರು! ಅದೇ ವರ್ಷ ಏಪ್ರಿಲ್‌ನಲ್ಲಿ ರಕ್ಷಣಾ ಮಂತ್ರಿಯಾಗಿ ಬಂದಿದ್ದವರು ಕೃಷ್ಣ ಮೆನನ್. ಬುದ್ಧಿವಂತರು, ದೇಶಕ್ಕಾಗಿ ದುಡಿದವರು, ಆದರೆ ಮಾತು ಬಹಳ ಖಾರ. ಯಾರಿಗೆ ಬಡ್ತಿ ಕೊಡಬೇಕು ಅನ್ನುವ ವಿಷಯದಲ್ಲಿ ಇಬ್ಬರಿಗೂ ಸರಿಹೋಗಲಿಲ್ಲ. ಸೈನ್ಯದ ಹಿರಿತನ, ಯುದ್ಧದ ಅನುಭವ ನೋಡದೆ ಬಡ್ತಿ ಆಗುತ್ತಿದೆ ಅನ್ನುವುದು ತಿಮ್ಮಯ್ಯನವರ ಕೊರಗು. ಇನ್ನೊಂದು, ಚೀನಾ ಗಡಿ. ಅಲ್ಲಿ ಅಪಾಯ ಬೆಳೆಯುತ್ತಿದೆ, ಸೈನ್ಯ ಸಿದ್ಧವಿಲ್ಲ ಅನ್ನುವುದು ಇವರ ಎಣಿಕೆ. ಮಂತ್ರಿಗಳ ಗಮನ ಪಾಕಿಸ್ತಾನದ ಕಡೆಗೇ ಹೆಚ್ಚು.

1959ರ ಆಗಸ್ಟ್ 31ರಂದು ತಿಮ್ಮಯ್ಯನವರು ರಾಜೀನಾಮೆ ಬರೆದು ಕಳಿಸಿದರು. ಪ್ರಧಾನಿ ಜವಾಹರಲಾಲ್ ನೆಹರೂ ಅವರು ಕರೆಸಿ, ಸಮಾಧಾನ ಹೇಳಿ, ವಾಪಸ್ ತೆಗೆದುಕೊಳ್ಳುವಂತೆ ಒಪ್ಪಿಸಿದರು. ಸುದ್ದಿ ಪತ್ರಿಕೆಗಳಲ್ಲಿ ಬಂದು ಗದ್ದಲವಾಯಿತು. ಸೆಪ್ಟೆಂಬರ್ 2ರಂದು ಪ್ರಧಾನಿಗಳು ಲೋಕಸಭೆಯಲ್ಲಿ ಮಾತಾಡಿ, ರಾಜೀನಾಮೆ ಕೊಟ್ಟ ರೀತಿ ಸರಿಯಲ್ಲ, ಸೈನ್ಯಕ್ಕಿಂತ ಜನರ ಸರ್ಕಾರವೇ ಮೇಲು ಅನ್ನುವ ಅರ್ಥದಲ್ಲಿ ಹೇಳಿದರು. ವಾಪಸ್ ತೆಗೆದುಕೊಂಡವರಿಗೆ ತುಂಬಿದ ಸಭೆಯಲ್ಲಿ ಮುಖಭಂಗ ಆದಂತಾಯಿತು.

ಅವತ್ತಿನಿಂದ ಇವತ್ತಿನವರೆಗೆ ಇದರ ಬಗ್ಗೆ ವಾದ ನಡೆದೇ ಇದೆ. ಕೊಡಲೇಬಾರದಿತ್ತು ಅನ್ನುವವರಿದ್ದಾರೆ, ಕೊಟ್ಟ ಮೇಲೆ ವಾಪಸ್ ತೆಗೆದುಕೊಳ್ಳಬಾರದಿತ್ತು ಅನ್ನುವವರೂ ಇದ್ದಾರೆ. ನಮ್ಮ ಅಲ್ಪಮತಿಗೆ ತೋಚಿದ್ದನ್ನು ಹೇಳುತ್ತೇವೆ. ಸುತ್ತಮುತ್ತಲಿನ ಎಷ್ಟೋ ದೇಶಗಳಲ್ಲಿ ಆ ಕಾಲಕ್ಕೆ ದಂಡನಾಯಕರು ಮುನಿಸಿಕೊಂಡರೆ ರಾಜೀನಾಮೆ ಬರೆಯುತ್ತಿರಲಿಲ್ಲ, ಸರ್ಕಾರವನ್ನೇ ಕಿತ್ತು ಹಾಕುತ್ತಿದ್ದರು. ಪಕ್ಕದ ಪಾಕಿಸ್ತಾನದಲ್ಲಿ 1958ರಲ್ಲಿ ಆಗಿದ್ದೂ ಅದೇ. ತಿಮ್ಮಯ್ಯನವರನ್ನು ಸೈನಿಕರು ದೇವರ ಹಾಗೆ ಕಾಣುತ್ತಿದ್ದರು. ಅಷ್ಟು ಬಲ ಇದ್ದೂ ಅವರು ಉಪಯೋಗಿಸಿದ ಆಯುಧ ಒಂದು ಹಾಳೆ ಕಾಗದ. ಪ್ರಧಾನಿಗಳು ಹೇಳಿದ ತತ್ತ್ವವೂ ಸರಿಯೇ. ಜನ ಆರಿಸಿದವರೇ ಮೇಲಿರಬೇಕು. ಆದರೆ ಮೇಲೆ ಕೂತವರು ಕೆಳಗಿನಿಂದ ಬಂದ ವರದಿ ಓದಬೇಕು ತಾನೇ? ನಷ್ಟ ಆದದ್ದು ಅಲ್ಲಿ.

ಆಗ ಪೂರ್ವ ಗಡಿಯ ಹೊಣೆ ಹೊತ್ತಿದ್ದ ಥೋರಾಟರು ಚೀನಾ ನುಗ್ಗಿದರೆ ಏನಾಗಬಹುದು, ಎಷ್ಟು ಸೈನ್ಯ ಬೇಕು ಅಂತ ಲೆಕ್ಕ ಹಾಕಿ ವರದಿ ಕಳಿಸಿದ್ದರು. ತಿಮ್ಮಯ್ಯನವರು ಅದನ್ನು ಮಂತ್ರಿಗಳ ಮುಂದೆ ಇಟ್ಟರು. ಇದು ಸುಮ್ಮನೆ ಹೆದರಿಸುವ ಮಾತು ಅಂತ ಅದು ಬದಿಗೆ ಸರಿಯಿತು. 1961ರ ಮೇ 7ರಂದು ತಿಮ್ಮಯ್ಯನವರು ನಿವೃತ್ತರಾಗಿ ಮಡಿಕೇರಿಗೆ ಬಂದರು. 1962ರ ಜುಲೈನಲ್ಲಿ ಒಂದು ಇಂಗ್ಲಿಷ್ ಮಾಸಪತ್ರಿಕೆಯಲ್ಲಿ, ಭಾರತ ಒಂಟಿಯಾಗಿ ಚೀನಾದೊಡನೆ ಬಹಿರಂಗ ಯುದ್ಧಕ್ಕೆ ಇಳಿಯುವ ಶಕ್ತಿ ಹೊಂದಿಲ್ಲ ಎಂಬ ಅಭಿಪ್ರಾಯವನ್ನು ಬಿಚ್ಚಿ ಬರೆದರು. ಮೂರೇ ತಿಂಗಳು. ಅಕ್ಟೋಬರ್ 20ರಂದು ಚೀನಾ ಎರಡೂ ಕಡೆ ನುಗ್ಗಿತು. ಹತ್ತಿಬಟ್ಟೆ ಉಟ್ಟು, ಹಳೆಯ ಕೋವಿ ಹಿಡಿದು ನಮ್ಮ ಹುಡುಗರು ಹಿಮದಲ್ಲಿ ಪ್ರಾಣ ಬಿಟ್ಟರು. ಮೆನನ್ನರು ಮಂತ್ರಿ ಪದವಿ ಬಿಡಬೇಕಾಯಿತು. ಮೊದಲೇ ಹೇಳಿದವರ ಮಾತು ನಿಜವಾಯಿತು. ಅಂತಹ ಮಾತು ನಿಜವಾದಾಗ ಹೇಳಿದವರಿಗೂ ಸಂತೋಷ ಆಗುವುದಿಲ್ಲ.

ಕೊನೆಯ ಕರೆ

ಕಾಫಿ ತೋಟ ನೋಡಿಕೊಂಡು ಹಾಯಾಗಿ ಇರಬಹುದಾಗಿತ್ತು. ಆದರೆ 1964ರಲ್ಲಿ ವಿಶ್ವಸಂಸ್ಥೆಯಿಂದ ಕರೆ ಬಂತು. ಮೆಡಿಟರೇನಿಯನ್ ಸಮುದ್ರದ ಸೈಪ್ರಸ್ ದ್ವೀಪದಲ್ಲಿ ಗ್ರೀಕರಿಗೂ ತುರ್ಕರಿಗೂ ಕಡಿದಾಟ. ಒಂದೇ ಊರಿನವರು, ಒಂದೇ ಬಾವಿಯ ನೀರು ಕುಡಿದವರು ಮರಳುಮೂಟೆಯ ಹಿಂದೆ ಕೋವಿ ಹಿಡಿದು ಕೂತಿದ್ದರು. ಆ ವರ್ಷ ಜುಲೈನಲ್ಲಿ ತಿಮ್ಮಯ್ಯನವರು ಅಲ್ಲಿಯ ಶಾಂತಿಪಾಲನಾ ಪಡೆಯ ಮುಖ್ಯಸ್ಥರಾಗಿ ಹೋದರು. ಮುಂದಿನ ತಿಂಗಳೇ ಅಲ್ಲಿ ವಿಮಾನದಿಂದ ಬಾಂಬು ಬೀಳುವ ಮಟ್ಟಕ್ಕೆ ಹೋಯಿತು. ಅದನ್ನೂ ತಡೆದುಕೊಂಡು, ಎರಡೂ ಕಡೆಯವರ ಜೊತೆ ಮಾತಾಡುತ್ತಾ ಒಂದೂವರೆ ವರ್ಷ ನಡೆಸಿದರು.

1965ರ ಡಿಸೆಂಬರ್ 18ರಂದು ಸೈಪ್ರಸ್‌ನಲ್ಲೇ, ಕೆಲಸದಲ್ಲಿದ್ದಾಗಲೇ ಹೃದಯಾಘಾತದಿಂದ ತೀರಿಕೊಂಡರು. ಆಗ ವಯಸ್ಸು 59. ಲಾಲ್ ಬಹಾದುರ್ ಶಾಸ್ತ್ರಿಯವರು ಜವಾನನನ್ನೂ ಕಿಸಾನನನ್ನೂ ಒಂದೇ ಉಸಿರಿನಲ್ಲಿ ನೆನೆದ ಅದೇ ವರ್ಷ. ಪಾರ್ಥಿವ ಶರೀರವನ್ನು ಬೆಂಗಳೂರಿಗೆ ತಂದು ಮಣ್ಣು ಮಾಡಿದರು. ಮರುವರ್ಷ ಸೈಪ್ರಸ್ ಸರ್ಕಾರ ಅವರ ನೆನಪಿಗೆ ಅಂಚೆಚೀಟಿ ತೆಗೆಯಿತು. ಮಡಿಕೇರಿಯಲ್ಲಿ ಅವರಿದ್ದ ಸನ್ನಿಸೈಡ್ ಮನೆ ಈಗ ಸ್ಮಾರಕ ಭವನವಾಗಿದೆ. 2021ರ ಫೆಬ್ರವರಿ 6ರಂದು ಆಗಿನ ರಾಷ್ಟ್ರಪತಿ ರಾಮನಾಥ ಕೋವಿಂದರು ಅದನ್ನು ಉದ್ಘಾಟಿಸಿದರು. ತಲಕಾವೇರಿಗೆ ಹೋಗುವವರು ಒಂದು ಗಳಿಗೆ ಅಲ್ಲಿ ಇಳಿದು, ಮಕ್ಕಳಿಗೆ ತೋರಿಸಿಕೊಂಡು ಬರಬೇಕೆಂದು ನಮ್ಮ ವಿನಂತಿ.

ಸದಸ್ಯ ಬಾಂಧವರೇ, ಲೇಹ್‌ಗೆ ಮೊದಲ ವಿಮಾನದಲ್ಲಿ ಹೋದದ್ದು, ಜೋಜಿಲಾದಲ್ಲಿ ಮುಂದಿನ ಟ್ಯಾಂಕಿನಲ್ಲಿ ಕೂತದ್ದು, ಗಡಿ ಸಿದ್ಧವಿಲ್ಲ ಅಂತ ಮೇಲಿನವರ ಮುಖಕ್ಕೆ ಹೇಳಿದ್ದು, ಇವೆಲ್ಲ ಬೇರೆ ಬೇರೆ ಗುಣಗಳಲ್ಲ. ತಾನೇ ಹೋಗಿ ನೋಡಿದವನಿಗೆ ಮಾತ್ರ ಹಾಗೆ ಹೇಳುವ ಧೈರ್ಯ ಬರುತ್ತದೆ. ನಮ್ಮ ಸಂಘದಲ್ಲಿ ನಿರ್ದೇಶಕರಾದವರು, ನಮ್ಮನ್ನೂ ಸೇರಿಸಿ, ಗೋದಾಮಿನ ಬಾಗಿಲು ತೆಗೆಸಿ ಮೂಟೆ ಎಣಿಸಬೇಕು, ಲೆಡ್ಜರು ತಿರುವಿ ನೋಡಬೇಕು. ಮಹಾಸಭೆಯಲ್ಲಿ ಒಬ್ಬ ಸದಸ್ಯ ಎದ್ದು ನಿಂತು ಎಲ್ಲರಿಗೂ ಕಹಿಯಾದ ಮಾತು ಆಡಿದರೆ, ಕೂರಿಸಿಬಿಡದೆ, ನಡವಳಿ ಪುಸ್ತಕದಲ್ಲಿ ಅದನ್ನು ಬರೆದುಕೊಳ್ಳಬೇಕು. ಇಪ್ಪತ್ತೈದು ವರ್ಷ ತುಂಬಿದ ಸಂಘ ಐವತ್ತು ಕಾಣಬೇಕಾದರೆ ಇದಕ್ಕಿಂತ ಬೇರೆ ದಾರಿ ನಮಗೆ ಕಾಣುವುದಿಲ್ಲ.

ಜೈ ಹಿಂದ್, ಜೈ ಸಹಕಾರ.